ಆಲೆಮನೆಗೆ ಎಷ್ಟು ಕೆವಿಎ ಟಿಸಿ ಬೇಕು? ನಾನು ಅಳೆದ ರೀತಿ

ನಾನು ಮಂಡ್ಯದ ಕಡೆ ಎಲೆಕ್ಟ್ರಿಕಲ್ ಕಂಟ್ರಾಕ್ಟ್ ಕೆಲಸ ಮಾಡುತ್ತೇನೆ. ಹಳ್ಳಿಯೊಂದರಲ್ಲಿ ಹೊಸ ಆಲೆಮನೆಗೆ ಕನೆಕ್ಷನ್ ಕೊಡಿಸುವ ಕೆಲಸ ಬಂತು. ಗಾಣಕ್ಕೆ 25 ಎಚ್‌ಪಿ ಮೋಟಾರು, ಕಬ್ಬಿನ ಹಾಲೆತ್ತಲು 3 ಎಚ್‌ಪಿ ಪಂಪು. ಊರಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, 63 ಕೆವಿಎ. ಕೆವಿಎ ಅಂದರೆ ಟಿಸಿ ಎಷ್ಟು ಭಾರ ಹೊರಬಲ್ಲದು ಅನ್ನುವ ಅಳತೆ.

"63ರ ಟಿಸಿ ಐತೆ, ನಮ್ಮದು 25 ಎಚ್‌ಪಿ. ಸಾಕಲ್ವೇನಪ್ಪಾ?" ಅಂದರು ಯಜಮಾನರು.

"ತಾಳಿ ಗೌಡ್ರೇ, ಅಳೆದು ನೋಡಿ ಹೇಳ್ತೀನಿ" ಅಂದೆ.

63 ಕೆವಿಎ ಟಿಸಿ 433 ವೋಲ್ಟ್‌ನಲ್ಲಿ ಒಂದೊಂದು ಫೇಸಿಗೆ ಕೊಡುವುದು 84 ಆಂಪ್ಸ್. ಅದರ ಮೇಲೆ ಈಗಲೇ ಎಷ್ಟು ಭಾರ ಇದೆ ಅನ್ನೋದು ಮುಖ್ಯ. ಲೈನ್‌ಮನ್ ಜೊತೆ ಹೋಗಿ ಟಾಂಗ್ ಟೆಸ್ಟರ್ (ತಂತಿಯನ್ನು ಕಚ್ಚಿ ಹಿಡಿದು ಆಂಪ್ಸ್ ಅಳೆಯುವ ಮೀಟರು) ಹಾಕಿಸಿದೆ. ಮಧ್ಯಾಹ್ನ ಜಾಸ್ತಿ ಇದ್ದ ಫೇಸಿನಲ್ಲೇ 45 ಆಂಪ್ಸ್. ಅಷ್ಟಕ್ಕೇ ನಿಲ್ಲಿಸಿದ್ದರೆ ಮೋಸ ಹೋಗುತ್ತಿದ್ದೆ. ಸಂಜೆ ಏಳೂವರೆಗೆ ಮತ್ತೆ ಹೋದೆವು. ಮನೆಮನೆಯಲ್ಲೂ ಲೈಟು, ಟಿವಿ, ಮಿಕ್ಸಿ. ಮೂರು ಫೇಸಿನಲ್ಲಿ 52, 48, 71. ಆಲೆಮನೆ ರಾತ್ರಿಯೂ ನಡೆಯುತ್ತದೆ, ಹಾಗಾಗಿ ಸಂಜೆಯ ಲೆಕ್ಕವೇ ಲೆಕ್ಕ.

ಇನ್ನು ಗಾಣ. 25 ಎಚ್‌ಪಿ ಮೋಟಾರಿಗೆ ಪುಸ್ತಕದ ಪ್ರಕಾರ ಸುಮಾರು 35 ಆಂಪ್ಸ್. ಆದರೆ ಕಬ್ಬು ಅರೆಯುವಾಗ? ಪಕ್ಕದೂರಿನಲ್ಲಿ ಅದೇ ಅಳತೆಯ ಮೋಟಾರಿದ್ದ ಆಲೆಮನೆಗೆ ಹೋಗಿ ಒಂದು ಗಂಟೆ ನಿಂತೆ. ಒಂದೆರಡು ಜಲ್ಲೆ ಕೊಡುವಾಗ 27 ಆಂಪ್ಸ್. ಕೆಲಸದ ಅವಸರದಲ್ಲಿ ಹುಡುಗ ತೋಳು ತುಂಬ ಕಬ್ಬು ತುರುಕಿದಾಗ 43. ಸೀಸನ್‌ನಲ್ಲಿ ಯಾರೂ ಒಂದೊಂದೇ ಜಲ್ಲೆ ಕೊಡೋದಿಲ್ಲ, ಅಲ್ವಾ? ನಾನು 43 ಹಿಡಿದೆ. ಪಂಪಿನ 5 ಸೇರಿ 48.

71ಕ್ಕೆ 48 ಕೂಡಿಸಿದರೆ 119. ಹಗಲಿನ 45ಕ್ಕೆ ಕೂಡಿಸಿದರೂ 93. ಎರಡೂ 84 ದಾಟಿದವು. 63 ಆಗೋದಿಲ್ಲ.

ಮುಂದಿನದು 100 ಕೆವಿಎ, ಅಂದರೆ 133 ಆಂಪ್ಸ್. 119 ಹಿಡಿಸುತ್ತದೆ ನಿಜ, ಆದರೆ ಮಂಡ್ಯದ ಬೇಸಿಗೆಯಲ್ಲಿ ಟಿಸಿಯನ್ನು ಅಷ್ಟು ಬಿಗಿಯಾಗಿ ದುಡಿಸಲು ನನಗೆ ಮನಸ್ಸಿಲ್ಲ. ನೂರಕ್ಕೆ ಎಂಬತ್ತರ ಒಳಗಿರಬೇಕು. ಹಾಗಂತ ಸುಮ್ನೆ 250 ಕೇಳುವುದೂ ಸರಿಯಲ್ಲ. ಭಾರ ಇರಲಿ ಬಿಡಲಿ, ದೊಡ್ಡ ಟಿಸಿಯ ಕೋರ್ ಹಗಲೂ ರಾತ್ರಿ ಕರೆಂಟು ತಿನ್ನುತ್ತಲೇ ಇರುತ್ತದೆ. ದಾರಿ ಇದ್ದದ್ದು ಆ 71ರಲ್ಲಿ. ಒಂದೇ ಫೇಸಿಗೆ ಜಾಸ್ತಿ ಮನೆಗಳು ಬಿದ್ದಿದ್ದವು. ಹಂಚಿದರೆ ಫೇಸಿಗೆ 57. ಗಾಣ ಸೇರಿ 105. ನೂರಕ್ಕೆ 79!

ಸ್ಟಾರ್ಟರ್ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ನೇರವಾಗಿ ಸ್ಟಾರ್ಟ್ ಮಾಡಿದರೆ ಈ ಮೋಟಾರು ಆರು ಪಟ್ಟು, 210 ಆಂಪ್ಸ್ ಎಳೆಯುತ್ತದೆ. ಊರಿನ ಲೈಟೆಲ್ಲ ಒಮ್ಮೆ ಮಂಕಾಗುತ್ತದೆ. ಮೊದಲು ಕಡಿಮೆ ವೋಲ್ಟೇಜಿನಲ್ಲಿ ಮೋಟಾರು ತಿರುಗಿಸಿ ಆಮೇಲೆ ಪೂರ್ತಿ ಕೊಡುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದರೆ ಅದರ ಮೂರನೇ ಒಂದು ಭಾಗ. ಆದರೆ ಆಗ ಮೋಟಾರು ತಿರುಗಿಸುವ ಬಲವೂ ಅಷ್ಟೇ ಕಡಿಮೆ, ಹಾಗಾಗಿ ಗಾಣದ ಬಾಯಿ ಖಾಲಿ ಇದ್ದಾಗಲೇ ಸ್ಟಾರ್ಟ್ ಮಾಡಬೇಕು.

100ರ ಟಿಸಿ ಬಂತು. ಲೈನ್‌ಮನ್ ಮನೆಗಳನ್ನು ಫೇಸ್ ಬದಲಿಸಿ ಹಂಚಿದರು. ಮೊದಲ ಸಂಜೆ ಗಾಣ ತುಂಬಿ ಓಡುವಾಗ ಅಳೆದೆವು: 101, 98, 106. ಊರ ಕೊನೆಯ ಮನೆಗೂ ಹೋಗಿ ನೋಡಿದೆ. 221 ವೋಲ್ಟ್ ಇತ್ತು.