ಹಾಡಿಗೊಂದು, ಚಿತ್ರಕ್ಕೊಂದು: ನಾನು ಪ್ಲೇಯರ್ ಆರಿಸಿಕೊಂಡ ಬಗೆ

ನನ್ನ ಮೇಜಿನ ಡ್ರಾಯರಿನಲ್ಲಿ, ಹಾಡು ಕೇಳಲು ಚಿತ್ರ ನೋಡಲು ಕೊಂಡ, ಜೇಬಿನಲ್ಲಿ ಹಿಡಿಯುವ ಮೂರು ಹಳೆಯ ಪ್ಲೇಯರ್‌ಗಳು ಬಿದ್ದಿವೆ. ನಾಲ್ಕನೆಯದರ ಬ್ಯಾಟರಿ ಊದಿಕೊಂಡು ಹಿಂಬದಿಯ ಮುಚ್ಚಳವನ್ನೇ ಎಬ್ಬಿಸಿತ್ತು. ಅಂಥದ್ದನ್ನು ಮನೆಯಲ್ಲಿಟ್ಟುಕೊಳ್ಳಬಾರದೆಂದು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಟ್ಟುಬಿಟ್ಟೆ. ಐದನೆಯದು ಈಗ ಜೇಬಿನಲ್ಲಿದೆ, ಮೂರು ವರ್ಷದಿಂದ ದಿನವೂ ನನ್ನ ಜೊತೆ ತಿರುಗುತ್ತಿದೆ. ಮೊದಲ ನಾಲ್ಕನ್ನು ನಾನು ಕೊಂಡದ್ದು ಡಬ್ಬಿಯ ಮೇಲೆ ಬರೆದಿದ್ದನ್ನು ಓದಿ. ಐದನೆಯದನ್ನು ಕೊಂಡದ್ದು ಜೇಬಿನೊಳಗೆ ಕೈಯಿಟ್ಟು ನೋಡಿ.

ಮೊಬೈಲ್ ಇರುವಾಗ ಇದೆಲ್ಲ ಏಕೆ ಎಂದು ನನ್ನನ್ನು ಕೇಳದವರಿಲ್ಲ. ನಾನೂ ಎರಡು ವರ್ಷ ಮೊಬೈಲಿನಲ್ಲೇ ಕೇಳಿದವನು. ರಾತ್ರಿ ಬಸ್ಸಿನಲ್ಲಿ ಸಿನಿಮಾ ನೋಡುತ್ತಾ ಹೋದೆ. ಬೆಳಗಿನ ಜಾವ ಇಳಿದಾಗ, ಕರೆದೊಯ್ಯಲು ಬಂದವರಿಗೆ ಫೋನ್ ಮಾಡಲು ಬ್ಯಾಟರಿಯಲ್ಲಿ ಉಸಿರೇ ಇರಲಿಲ್ಲ. ಅದೊಂದು ಕಾರಣ. ಇನ್ನೊಂದು ಕಾರಣ ಅಷ್ಟು ನಾಟಕೀಯವಲ್ಲ, ಆದರೆ ದಿನನಿತ್ಯದ್ದು: ಹಾಡು ಹಾಕಲೆಂದು ಮೊಬೈಲ್ ತೆಗೆದರೆ ಹತ್ತು ನಿಮಿಷ ಸಂದೇಶ ಓದುತ್ತಾ ನಿಂತಿರುತ್ತಿದ್ದೆ. ಹಾಡು ಮರೆತೇ ಹೋಗಿರುತ್ತಿತ್ತು.

ನನ್ನ ದೊಡ್ಡ ತಪ್ಪು ಎಂದರೆ ಹಾಡಿಗೂ ಚಿತ್ರಕ್ಕೂ ಒಂದೇ ಯಂತ್ರ ಸಾಕೆಂದು ನಂಬಿದ್ದು. ಎರಡನೆಯ ಪ್ಲೇಯರ್ ಅಂಥದ್ದೇ. ಎರಡೂವರೆ ಇಂಚಿನ ಪರದೆ, ಅಗಲಕ್ಕೂ ಎತ್ತರಕ್ಕೂ 4:3ರ ಲೆಕ್ಕ. ಕೊಂಡ ವಾರ ಒಂದು ಅಗಲ ಪರದೆಯ ಸಿನಿಮಾ ಹಾಕಿದೆ. ಮೇಲೂ ಕೆಳಗೂ ಕಪ್ಪು ಪಟ್ಟಿ, ನಡುವೆ ಚಿತ್ರ. ಅಳೆಯುವ ಪಟ್ಟಿ ಇಟ್ಟು ನೋಡಿದೆ: ಅಗಲ ಐದು ಸೆಂಟಿಮೀಟರ್, ಎತ್ತರ ಎರಡಕ್ಕಿಂತ ಚೂರು ಹೆಚ್ಚು. ನಾಯಕ ದೂರದಿಂದ ನಡೆದು ಬಂದರೆ ಅಕ್ಕಿಕಾಳು ಉರುಳಿದಂತಿತ್ತು. ಸಬ್‌ಟೈಟಲ್ ಓದಲು ಕನ್ನಡಕ ಸಾಲದು, ಭೂತಗನ್ನಡಿಯೇ ಬೇಕು. ಮೂರನೆಯದನ್ನು ನಾಲ್ಕು ಇಂಚಿನ ಸ್ಪರ್ಶ ಪರದೆಯದ್ದು ನೋಡಿ ಕೊಂಡೆ. ಚಿತ್ರ ಪರವಾಗಿಲ್ಲ, ಆದರೆ ಹಾಡು ಬದಲಿಸಬೇಕೆಂದರೆ ಅದನ್ನು ಹೊರಗೆ ತೆಗೆಯಬೇಕು, ಬೀಗ ತೆರೆಯಬೇಕು, ಕಣ್ಣಿಟ್ಟು ನೋಡಬೇಕು, ಮಳೆಯ ಹನಿ ಬಿದ್ದಿದ್ದರೆ ಒರೆಸಿಕೊಳ್ಳಬೇಕು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈ ಬಸ್ಸಿನ ಕಂಬಿಗೆ. ಹಿಡಿಸದ ಹಾಡನ್ನು ಕೊನೆಯವರೆಗೂ ಸಹಿಸಿಕೊಂಡು ಹೋದ ದಿನಗಳೇ ಹೆಚ್ಚು.

ಆಗ ಹೊಳೆದದ್ದು: ಹಾಡು ಕೇಳುವುದು ಕಣ್ಣಿಗೆ ಬೇರೆ ಕೆಲಸವಿರುವಾಗ. ಚಿತ್ರ ನೋಡುವುದು ಕೂತಾಗ. ಎರಡಕ್ಕೂ ಒಂದೇ ಯಂತ್ರ ಎಂದು ಹಠ ಹಿಡಿದರೆ ಎರಡೂ ಅರ್ಧಂಬರ್ಧ. ಹಾಡಿನ ಪ್ಲೇಯರಿಗೆ ಪರದೆ ಹೇಗಿದ್ದರೂ ನಡೆದೀತು, ಗುಂಡಿ ಹೇಗಿದೆ ಎಂಬುದೇ ಮುಖ್ಯ. 1979ರಲ್ಲಿ ಸೋನಿ ತಂದ ಮೊದಲ ವಾಕ್‌ಮನ್‌ನಲ್ಲಿ ಒಂದು ಕಿತ್ತಳೆ ಬಣ್ಣದ ಗುಂಡಿಯಿತ್ತು. ಅದನ್ನು ಒತ್ತಿ ಹಿಡಿದರೆ ಹಾಡಿನ ದನಿ ತಗ್ಗಿ, ಒಳಗಿದ್ದ ಮೈಕಿನ ಮೂಲಕ ಪಕ್ಕದವರ ಮಾತು ಕಿವಿಗೆ ಬೀಳುತ್ತಿತ್ತು. ಅದನ್ನು ಮಾಡಿದವರಿಗೆ ಬೀದಿಯಲ್ಲಿ ನಡೆಯುವವನ ಕಷ್ಟ ಗೊತ್ತಿತ್ತು ಅನ್ನಿಸುತ್ತದೆ.

ಹೀಗಾಗಿ ಅಂಗಡಿಯಲ್ಲಿ ನನ್ನ ಮೊದಲ ಪರೀಕ್ಷೆ ಇದು. ಪ್ಲೇಯರನ್ನು ಜೇಬಿಗೆ ಹಾಕಿ, ನೋಡದೆ ಹಾಡು ನಿಲ್ಲಿಸಬೇಕು, ಮುಂದಿನದಕ್ಕೆ ಹೋಗಬೇಕು, ದನಿ ಏರಿಸಿ ಇಳಿಸಬೇಕು. ಬೆರಳಿಗೆ ಮೂರು ಗುಂಡಿಗಳ ವ್ಯತ್ಯಾಸ ತಿಳಿಯಬೇಕು. ಎಲ್ಲವೂ ಒಂದೇ ಸಮತಟ್ಟಾಗಿ ನುಣ್ಣಗಿದ್ದರೆ ನೋಡಲು ಚೆಂದ, ಜೇಬಿನಲ್ಲಿ ಕುರುಡು. ಪರದೆ ಆರಿದಾಗಲೂ ಗುಂಡಿ ಕೆಲಸ ಮಾಡುತ್ತದೆಯೇ ಎಂಬುದನ್ನೂ ನೋಡಬೇಕು. ಕೆಲವು ಪ್ಲೇಯರ್‌ಗಳಲ್ಲಿ ಮೊದಲ ಒತ್ತು ಪರದೆಯನ್ನು ಎಬ್ಬಿಸಲಷ್ಟೇ ಖರ್ಚಾಗುತ್ತದೆ. ಗುಂಡಿಗಳನ್ನು ಬಂಧಿಸಿಡುವ ಪಕ್ಕದ ಕೀಲಿ ಇದ್ದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಬಗ್ಗಿ ಶೂ ಕಟ್ಟುವಾಗ ತೊಡೆಯೇ ಹಾಡು ಬದಲಿಸಿಬಿಡುತ್ತದೆ.

ಎರಡನೆಯ ಪರೀಕ್ಷೆಗೆ ಮನೆಯಿಂದಲೇ ಒಂದು ಮೆಮೊರಿ ಕಾರ್ಡ್ ಒಯ್ಯುತ್ತೇನೆ, ಜೊತೆಗೆ ನನ್ನದೇ ಇಯರ್‌ಫೋನ್. ಅಂಗಡಿಯವರು ಹಾಕುವ ಹಾಡು ಯಾವ ಪ್ಲೇಯರಿನಲ್ಲೂ ಚೆನ್ನಾಗಿಯೇ ಕೇಳುತ್ತದೆ. ಅದಕ್ಕೆಂದೇ ಆರಿಸಿದ್ದು ಅದು. ನನ್ನ ಕಾರ್ಡಿನಲ್ಲಿ ಕೇಡಿಗಳೇ ಇವೆ. ಒಂದು ಸಂಗೀತ ಕಛೇರಿಯ ಧ್ವನಿಮುದ್ರಣದಲ್ಲಿ ಆಲಾಪನೆ ನಡೆಯುತ್ತಿದ್ದಂತೆಯೇ ಫೈಲು ಮುಗಿದು ಮುಂದಿನದು ಶುರುವಾಗುತ್ತದೆ. ಒಳ್ಳೆಯ ಪ್ಲೇಯರಿನಲ್ಲಿ ಆ ಸಂದು ತಿಳಿಯುವುದೇ ಇಲ್ಲ, ಕೆಟ್ಟದ್ದರಲ್ಲಿ ಗಾಯಕರು ಕಣ್ಣು ಮಿಟುಕಿಸುವಷ್ಟು ಹೊತ್ತು ಸತ್ತು ಬದುಕುತ್ತಾರೆ. ಎಂಪಿ3 ಮಾಡುವಾಗ ಫೈಲಿನ ತಲೆಗೂ ಬಾಲಕ್ಕೂ ಚೂರು ಮೌನ ಸೇರಿಕೊಳ್ಳುತ್ತದೆ. ಅದನ್ನು ಕತ್ತರಿಸಿ ನುಡಿಸುವ ಜಾಣತನ ಪ್ಲೇಯರಿಗಿರಬೇಕು. ಇನ್ನೊಂದು, ಒಂದೂವರೆ ಗಂಟೆಯ ಉಪನ್ಯಾಸ. ನಡುವೆ ನಿಲ್ಲಿಸಿ, ಪ್ಲೇಯರನ್ನು ಪೂರ್ತಿ ಆರಿಸಿ, ಮತ್ತೆ ಹೊತ್ತಿಸುತ್ತೇನೆ. ಬಿಟ್ಟ ಜಾಗದಿಂದಲೇ ಶುರುವಾದರೆ ಪಾಸು. ಮೊದಲಿನಿಂದ ಶುರುವಾದರೆ, ಐವತ್ತನೆಯ ನಿಮಿಷಕ್ಕೆ ಹೋಗಲು ಗುಂಡಿ ಒತ್ತಿ ಎಷ್ಟು ಹೊತ್ತು ನಿಲ್ಲಬೇಕೆಂದು ಗಡಿಯಾರ ನೋಡುತ್ತೇನೆ. ಒಂದು ಪ್ಲೇಯರಿನಲ್ಲಿ ನಾಲ್ಕು ನಿಮಿಷ ಹಿಡಿಯಿತು, ಅಲ್ಲಿಯೇ ಬಿಟ್ಟು ಬಂದೆ.

ಕಾರ್ಡಿನಲ್ಲಿರುವ ಮೂರನೆಯದು, ತೀರಾ ಮೆಲ್ಲಗೆ ಶುರುವಾಗುವ ಕೊಳಲು. ಸೂಕ್ಷ್ಮ ಇಯರ್‌ಫೋನ್ ಸಿಕ್ಕಿಸಿದಾಗ ಹಿನ್ನೆಲೆಯಲ್ಲಿ ಸುಯ್ಯೆಂಬ ಸದ್ದು ಬರುತ್ತದೆಯೇ ಎಂದು ಇದರಲ್ಲಿ ಗೊತ್ತಾಗುತ್ತದೆ. ನಾಲ್ಕನೆಯದು ಕನ್ನಡದಲ್ಲಿ ಹೆಸರಿಟ್ಟ ಹಾಡುಗಳು. ಇಲ್ಲಿ ನಾನು ಸೋತವನೆಂದು ಒಪ್ಪಿಕೊಳ್ಳುತ್ತೇನೆ. ಮೊಬೈಲಿನಲ್ಲಿ ಸರಿಯಾಗಿ ಕಾಣುವ ಹೆಸರು ಸಣ್ಣ ಪ್ಲೇಯರಿನಲ್ಲಿ ಸಾಲು ಸಾಲು ಚೌಕವಾಗುತ್ತದೆ. ಅಕ್ಷರ ಮೂಡಿದರೂ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ಬಿಡಿಯಾಗಿ ನಿಂತಿರುತ್ತದೆ. ‘ಕೃಷ್ಣ’ನ ಕೈಕಾಲುಗಳನ್ನು ಬಿಡಿಸಿ ನೆಲದ ಮೇಲೆ ಹರಡಿದಂತೆ. ನಾನು ನೋಡಿದ ಆರೇಳು ಗುಂಡಿಯ ಪ್ಲೇಯರ್‌ಗಳಲ್ಲಿ ಒಂದೂ ಕನ್ನಡವನ್ನು ನೆಟ್ಟಗೆ ಬರೆಯಲಿಲ್ಲ. ಕೊನೆಗೆ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಬರೆದಿಟ್ಟೆ. ಈಗ ‘ಕಲ’, ‘ಕಳ’, ‘ಕಾಲ’ ಎಲ್ಲವೂ ಒಂದೇ ಥರ ಕಾಣುತ್ತವೆ.

ಹೆಸರಿನ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಹದಿನೆಂಟು ಅಧ್ಯಾಯಗಳ ಒಂದು ವಾಚನವನ್ನು ಕಾರ್ಡಿಗೆ ಹಾಕಿದ್ದೆ. ಒಂದಾದ ಮೇಲೆ ಹತ್ತು, ಹನ್ನೊಂದು, ಹೀಗೆ ಹದಿನೆಂಟರವರೆಗೆ ಓದಿ ಆಮೇಲೆ ಎರಡಕ್ಕೆ ಬಂತು. ಕಥೆ ಬಹಳ ಗಹನವಾಗಿದೆ ಎಂದುಕೊಂಡು ಎರಡು ದಿನ ಕೇಳಿದೆ. ಫೈಲಿನ ಹೆಸರು 1, 2 ಎಂದಿದ್ದರೆ ಯಂತ್ರ ಅಕ್ಷರದ ಲೆಕ್ಕ ಹಿಡಿಯುತ್ತದೆ, 01, 02 ಎಂದು ಬರೆಯಬೇಕು. ಇನ್ನೂ ಸಾದಾ ಪ್ಲೇಯರ್‌ಗಳು ಹೆಸರನ್ನೇ ನೋಡುವುದಿಲ್ಲ, ಕಾರ್ಡಿಗೆ ಯಾವುದು ಮೊದಲು ಹೋಯಿತೋ ಅದನ್ನೇ ಮೊದಲು ನುಡಿಸುತ್ತವೆ. ಅಂಥವಕ್ಕೆ ಒಂದೊಂದಾಗಿ, ಸರದಿಯಲ್ಲೇ ನಕಲು ಮಾಡಬೇಕು.

ಬ್ಯಾಟರಿಯ ಬಗ್ಗೆ ಡಬ್ಬಿಯ ಮೇಲಿನ ಅಂಕಿ ಸುಳ್ಳೆಂದು ಹೇಳಲಾರೆ, ಆದರೆ ಆ ನಿಜ ಬೇರೆಯವರ ನಿಜ. ಪರದೆ ಆರಿಸಿ, ದನಿ ತಗ್ಗಿಸಿ, ಸಣ್ಣ ಫೈಲು ಹಾಕಿ ಅಳೆದದ್ದು. ನಾನು ಮಾಡಿದ್ದು ಹೀಗೆ: ಒಂದೊಂದು ಗಂಟೆಯ ನಲವತ್ತು ಫೈಲುಗಳಿಗೆ ಕ್ರಮವಾಗಿ ಅಂಕಿ ಕೊಟ್ಟು, ತುಂಬಿದ ಬ್ಯಾಟರಿಯಲ್ಲಿ, ನಾನು ದಿನವೂ ಕೇಳುವ ದನಿಯಲ್ಲಿ ನುಡಿಯಲು ಬಿಟ್ಟು ನನ್ನ ಕೆಲಸಕ್ಕೆ ಹೋದೆ. ಪ್ಲೇಯರ್ ಸತ್ತ ಮೇಲೆ ಚಾರ್ಜ್ ಮಾಡಿ ಹೊತ್ತಿಸಿದರೆ ಕೊನೆಗೆ ಯಾವ ಫೈಲಿನಲ್ಲಿ ನಿಂತಿತ್ತೆಂದು ತೋರಿಸುತ್ತದೆ. ಮೂವತ್ತು ಗಂಟೆ ಎಂದು ಬರೆದಿದ್ದ ನನ್ನ ಪ್ಲೇಯರ್ ತಂತಿಯ ಇಯರ್‌ಫೋನಿನಲ್ಲಿ ಇಪ್ಪತ್ತೆರಡನೆಯ ಫೈಲಿನವರೆಗೆ ಬಂತು, ಬ್ಲೂಟೂತ್‌ನಲ್ಲಿ ಹದಿನಾಲ್ಕರಲ್ಲಿ ಮಲಗಿತು. ಸಾಕು, ವಾರಕ್ಕೆ ಒಂದು ಚಾರ್ಜ್.

ಧ್ವನಿಯ ಗುಣಮಟ್ಟದ ಜಗಳಕ್ಕೆ ನಾನು ಹೆಚ್ಚು ಹೋಗುವುದಿಲ್ಲ. ಒಂದೇ ಹಾಡನ್ನು ನಾಲ್ಕು ಬಗೆಯಲ್ಲಿ ಮಾಡಿಟ್ಟು, ಮಗಳಿಗೆ ಬದಲಿಸಲು ಹೇಳಿ, ಬೆನ್ನು ತಿರುಗಿಸಿ ಕೂತು ಕೇಳಿದ್ದೇನೆ. 128 ಕೆಬಿಪಿಎಸ್‌ನ, ಅಂದರೆ ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3ಯಲ್ಲಿ ತಾಳದ ಝಣಝಣ ಚೂರು ನೀರಾಡಿದಂತೆ ಕೇಳಿತು, ಅದನ್ನು ಪ್ರತಿ ಸಲವೂ ಹಿಡಿದೆ. 192, 320 ಮತ್ತು ಧ್ವನಿಯ ಏನನ್ನೂ ಬಿಡದೆ ಕುಗ್ಗಿಸಿಡುವ ಫ್ಲ್ಯಾಕ್ ನಡುವೆ ನಾನು ಹೇಳಿದ್ದು ಕಣ್ಣು ಮುಚ್ಚಿ ಕಲ್ಲೆಸೆದಂತೆ. ಮಗಳು ಅಂಕ ಬರೆದಿಟ್ಟಿದ್ದಾಳೆ, ಆಗಾಗ ತೋರಿಸುತ್ತಾಳೆ. ಆದ್ದರಿಂದ ಮನೆಯ ಕಂಪ್ಯೂಟರಿನಲ್ಲಿ ಫ್ಲ್ಯಾಕ್ ಇಟ್ಟಿದ್ದೇನೆ, ಜೇಬಿಗೆ 320. ಐದು ನಿಮಿಷದ ಹಾಡಿಗೆ 12 ಎಂಬಿ, ಅಂದರೆ 64 ಜಿಬಿ ಕಾರ್ಡಿಗೆ ಸುಮಾರು ಐದು ಸಾವಿರ ಹಾಡು. ಕಾರ್ಡ್ ಕೊಂಡ ದಿನವೇ ಅದನ್ನು ಪೂರ್ತಿ ತುಂಬಿ ಮತ್ತೆ ಓದಿ ಪರೀಕ್ಷಿಸುವ ತಂತ್ರಾಂಶ ಓಡಿಸಿರಿ. ಮೇಲೆ 64 ಎಂದು ಬರೆದು ಒಳಗೆ 8 ಇರುವ ಕಾರ್ಡುಗಳಿವೆ. ನಾನೊಮ್ಮೆ ಕೊಂಡಿದ್ದೇನೆ, ಫೈಲುಗಳೆಲ್ಲ ಕಾರ್ಡಿಗೆ ಹೋದಂತೆ ತೋರಿಸಿತು, ನುಡಿಸಿದರೆ ಹೆಸರಷ್ಟೇ ಇತ್ತು.

ಇನ್ನು ಚಿತ್ರ. ಅದಕ್ಕೆ ಹೊಸ ಪ್ಲೇಯರ್ ಕೊಳ್ಳಲೇ ಇಲ್ಲ. ಹಳೆಯ ಏಳು ಇಂಚಿನ ಟ್ಯಾಬ್ಲೆಟ್ಟಿನಿಂದ ಸಿಮ್ ತೆಗೆದು, ಉಳಿದ ಆ್ಯಪ್‌ಗಳನ್ನೆಲ್ಲ ಅಳಿಸಿ, ಚಿತ್ರ ಓಡಿಸುವ ವಿಎಲ್‌ಸಿ ಎಂಬ ಆ್ಯಪ್ ಒಂದನ್ನು ಹಾಕಿಟ್ಟೆ. ಪರದೆ ಹೊಸ ಮೊಬೈಲಿನಷ್ಟು ಹೊಳೆಯುವುದಿಲ್ಲ, ಕಿಟಕಿ ಪಕ್ಕ ಕೂತರೆ ನನ್ನ ಮುಖವೇ ಹೆಚ್ಚು ಕಾಣುತ್ತದೆ. ಆದರೆ ಕನ್ನಡ ಸಬ್‌ಟೈಟಲ್ ಒತ್ತಕ್ಷರ ಸಮೇತ ಓದಬಹುದು. ಮೊದಮೊದಲು ನನ್ನನ್ನು ಕಾಡಿದ್ದು, ಚಿತ್ರ ಓಡುತ್ತಿದೆ ಆದರೆ ಸದ್ದಿಲ್ಲ ಎಂಬ ತೊಂದರೆ. ಆಗ ಇನ್ನೊಂದು ಆ್ಯಪ್ ಬಳಸುತ್ತಿದ್ದೆ. ಫೈಲಿನ ಹೆಸರಿನ ಕೊನೆಗೆ ಬರುವ ಎಂಪಿ4, ಎಂಕೆವಿ ಎನ್ನುವುದು ಡಬ್ಬಿಯ ಹೆಸರು, ಒಳಗೆ ಚಿತ್ರ ಒಂದು ಬಗೆ, ಧ್ವನಿ ಇನ್ನೊಂದು ಬಗೆ. ಡಬ್ಬಿ ತೆರೆಯಲು ಬಂದರೂ ಒಳಗಿನ ಧ್ವನಿಯ ಬಗೆ ಆ ಆ್ಯಪ್‌ಗೆ ಗೊತ್ತಿರಲಿಲ್ಲ. ಈಗ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಎಚ್.264 ಚಿತ್ರ, ಎಎಸಿ ಧ್ವನಿ ಎಂದು ಬದಲಿಸಿಯೇ ಹಾಕುತ್ತೇನೆ. ಸೆಕೆಂಡಿಗೆ 1 ಮೆಗಾಬಿಟ್‌ನ ಲೆಕ್ಕದಲ್ಲಿ ಎರಡು ಗಂಟೆಯ ಸಿನಿಮಾ ಸುಮಾರು 1 ಜಿಬಿಗೆ ಇಳಿಯುತ್ತದೆ, ಆ ಪರದೆಗೆ ಅದು ಧಾರಾಳ. ಮೂಲ ಫೈಲನ್ನೇ ಹಾಕಹೊರಟು ಒಂದು ಸಂಜೆ ಹಾಳಾಗಿತ್ತು. ಕಾರ್ಡಿನಲ್ಲಿ 20 ಜಿಬಿ ಖಾಲಿ, 5 ಜಿಬಿಯ ಫೈಲು ಹೋಗಲೊಲ್ಲದು. ಕಾರ್ಡ್ ಫ್ಯಾಟ್32 ವಿಧಾನದಲ್ಲಿ ಸಿದ್ಧವಾಗಿತ್ತು, ಅದರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ.

ಗದ್ದಲದ ಬಸ್ಸಿನಲ್ಲಿ ದನಿ ತಾನಾಗಿ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್‌ಗೆ ವಾರಕ್ಕೆ 40 ಗಂಟೆ, 90 ಡೆಸಿಬೆಲ್‌ಗೆ ಬರೀ 4 ಗಂಟೆ. ನಾನು ಇಯರ್‌ಫೋನಿನ ರಬ್ಬರ್ ತುದಿಯನ್ನು ಕಿವಿಗೆ ಸರಿಹೊಂದುವ ಅಳತೆಗೆ ಬದಲಿಸಿದ ಮೇಲೆ ಹೊರಗಿನ ಗದ್ದಲ ತಗ್ಗಿ, ಮೊದಲು ಪ್ಲೇಯರಿನ ದನಿಯ ಅಂಕಿ 24ರಲ್ಲಿ ಕೇಳುತ್ತಿದ್ದದ್ದು 16ಕ್ಕೆ ಸಾಕಾಯಿತು. ಪ್ಲೇಯರಿನ ಗರಿಷ್ಠ ಮಟ್ಟವನ್ನು 20ಕ್ಕೆ ಕಟ್ಟಿಹಾಕಿದ್ದೇನೆ.

ಇಷ್ಟೆಲ್ಲ ಪರೀಕ್ಷೆ ಮಾಡಿ ಕೊಂಡವನು ಚಾರ್ಜ್ ಮಾಡುವ ಕಿಂಡಿಯನ್ನು ನೋಡಲೇ ಇಲ್ಲ. ಮನೆಯಲ್ಲಿ ಉಳಿದದ್ದೆಲ್ಲ ಟೈಪ್-ಸಿ, ಇದೊಂದು ಹಳೆಯ ಮೈಕ್ರೋ ಯುಎಸ್‌ಬಿ. ಆ ಒಂದು ಕೇಬಲ್ಲಿಗೆ ಕೆಂಪು ದಾರ ಕಟ್ಟಿ ಗೋಡೆಯ ಮೊಳೆಗೆ ನೇತುಹಾಕಿದ್ದೇನೆ, ಯಾರೂ ಮುಟ್ಟುವಂತಿಲ್ಲ.