ನಾಮಕರಣ ಆಗಿದ್ಯಾ? ಕ್ಯಾಪಿಟಲ್ ಲೆಟರ್ ಕಲಿಸಿದ ನನ್ನ ಅನುಭವ

"ಟೀಚರ್, ದೇವರಿಗೆ ಕ್ಯಾಪಿಟಲ್ ಹಾಕಿದೀನಿ, ಅಮ್ಮಂಗೆ ಹಾಕಿದೀನಿ, ನಿಮಗೂ ಹಾಕಿದೀನಿ. ಮತ್ತೆ ಯಾಕೆ ತಪ್ಪು?"

5ನೇ ತರಗತಿಯ ಹುಡುಗ ನೋಟ್‌ಬುಕ್ ಹಿಡಿದು ಮೇಜಿನ ಹತ್ತಿರ ನಿಂತಿದ್ದ. ನೋಡಿದರೆ ಹೌದು. ಗಾಡ್, ಮದರ್, ಟೀಚರ್, ಕೊನೆಗೆ ಕೌ ಕೂಡ ದೊಡ್ಡಕ್ಷರದಲ್ಲೇ ಶುರು. ಅವನ ಸ್ವಂತ ಹೆಸರು ಮಾತ್ರ ಸಣ್ಣಕ್ಷರದಲ್ಲಿ. ಯಾಕೋ ಅಂದೆ. "ನನಗೆ ನಾನೇ ಗೌರವ ಕೊಟ್ಕೊಂಡ್ರೆ ಚೆನ್ನಾಗಿರಲ್ಲ ಅಲ್ವಾ?" ಅಂದ.

ತಪ್ಪು ಅವನದಲ್ಲ, ನನ್ನದು. ಹಿಂದಿನ ವಾರ ನಾನೇ ಹೇಳಿದ್ದೆ: "ಕ್ಯಾಪಿಟಲ್ ಅಂದ್ರೆ ಗೌರವ ಇದ್ದ ಹಾಗೆ. ನಾವು ಅಜ್ಜ ಬಂದ ಅನ್ನಲ್ಲ, ಬಂದರು ಅಂತೀವಿ. ಹಾಗೇ ಇದೂ." ಹೇಳುವಾಗ ಎಷ್ಟು ಚೆನ್ನಾಗಿ ಹೇಳಿದೆ ಅನ್ನಿಸಿತ್ತು. ಮಕ್ಕಳು ಅದನ್ನು ನಂಬಿಬಿಟ್ಟರು.

ನಮ್ಮದು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆ. ಮಕ್ಕಳಿಗೆ ಇಂಗ್ಲಿಷ್ ಅಕ್ಷರ 1ನೇ ತರಗತಿಯಿಂದಲೇ ಗೊತ್ತು. ದೊಡ್ಡ ಎಬಿಸಿಡಿ, ಚಿಕ್ಕ ಎಬಿಸಿಡಿ ಎರಡೂ ಬಾಯಿಪಾಠ. ಯಾವುದನ್ನು ಎಲ್ಲಿ ಬರೆಯಬೇಕು ಅನ್ನೋದೇ ತೊಡಕು. ಕನ್ನಡದಲ್ಲಿ ಈ ಜಗಳವೇ ಇಲ್ಲವಲ್ಲ. ನಮ್ಮಲ್ಲಿ ಅಕ್ಷರಕ್ಕೆ ಏನೇ ಸೇರಿದರೂ ಉಚ್ಚಾರ ಬದಲಾಗುತ್ತದೆ. ಹಳಿ ಅನ್ನೋದಕ್ಕೆ ಒಂದು ಒತ್ತು ಕೊಟ್ಟರೆ ಹಳ್ಳಿ. ಹಾಗಾಗಿ ಒಬ್ಬಳು ಕೇಳಿದ್ದಳು, "ದೊಡ್ಡ ಅಕ್ಷರ ಬಂದಾಗ ಜೋರಾಗಿ ಓದಬೇಕಾ ಟೀಚರ್?" ನಗು ಬಂತು. ಆದರೆ ಅವಳ ಲೆಕ್ಕ ಸರಿಯಾಗೇ ಇತ್ತು. ಇನ್ನು ಊರಲ್ಲಿ ಕಣ್ಣಿಗೆ ಬೀಳುವ ಇಂಗ್ಲಿಷ್ ನೋಡಿ. ಅಂಗಡಿ ಬೋರ್ಡು, ರೈಲ್ವೆ ಸ್ಟೇಷನ್ನಿನ ಹಳದಿ ಫಲಕ, ಅಪ್ಪ ತುಂಬುವ ಬ್ಯಾಂಕಿನ ಅರ್ಜಿ, ಎಲ್ಲ ಕಡೆ ಇಡೀ ಹೆಸರು ದೊಡ್ಡಕ್ಷರವೇ. ಸಣ್ಣಕ್ಷರ ಇರೋದು ಪಠ್ಯಪುಸ್ತಕದಲ್ಲಿ ಮಾತ್ರ ಅಂತ ಮಗು ಅಂದುಕೊಂಡರೆ ಆಶ್ಚರ್ಯ ಏನಿದೆ?

ಗೌರವದ ಪಾಠವನ್ನು ವಾಪಸ್ ತೊಗೊಂಡೆ. ಬದಲಿಗೆ ಒಂದೇ ಪ್ರಶ್ನೆ ಕೊಟ್ಟೆ: "ಅದಕ್ಕೆ ನಾಮಕರಣ ಆಗಿದ್ಯಾ?"

ಹಸುವಿಗೆ ಆಗಿದ್ಯಾ? ಇಲ್ಲ, ಹಸು ಅಂದ್ರೆ ಯಾವ ಹಸುವಾದರೂ ಆಗಬಹುದು. ನಿಮ್ಮನೆ ಹಸುವಿಗೆ? ಆಗಿದೆ, ಗೌರಿ. ಹಾಗಾದ್ರೆ ಕೌ ಚಿಕ್ಕದು, ಗೌರಿ ದೊಡ್ಡದು. ರಿವರ್ ಚಿಕ್ಕದು, ತುಂಗಾ ದೊಡ್ಡದು. ವಿಲೇಜ್ ಚಿಕ್ಕದು, ನಮ್ಮೂರ ಹೆಸರು ದೊಡ್ಡದು. ಇಷ್ಟು ಹೇಳೋದೇ ತಡ, ಮಕ್ಕಳು ಬೆಕ್ಕು, ಬಸ್ಸು, ಬೆಟ್ಟ ಎಲ್ಲದರ ನಾಮಕರಣ ವಿಚಾರಿಸೋಕೆ ಶುರು ಮಾಡಿದರು. ಒಂದು ಪೀರಿಯಡ್ ಪೂರ್ತಿ ಇದರಲ್ಲೇ ಹೋಯಿತು. ಹೋಗಲಿ ಅಂತ ಬಿಟ್ಟೆ.

ವಾರದ ಹೆಸರುಗಳು ನಾನು ಅಂದುಕೊಂಡಿದ್ದಕ್ಕಿಂತ ಸಲೀಸಾದವು. ಸನ್ ಅಂದ್ರೆ ಭಾನು, ಮೂನ್ ಅಂದ್ರೆ ಸೋಮ, ಸಾಟರ್ನ್ ಅಂದ್ರೆ ಶನಿ. ಬೋರ್ಡಿನ ಮೇಲೆ ಸಂಡೇ, ಮಂಡೇ, ಸಾಟರ್‌ಡೇ ಬರೆದು ಪಕ್ಕದಲ್ಲಿ ಕನ್ನಡದ ವಾರ ಬರೆದಾಗ "ಅಯ್ಯೋ, ನಮ್ಮದೇ!" ಅಂತ ಕೂಗಿದರು. ಜುಲೈ, ಆಗಸ್ಟ್ ತಿಂಗಳ ಒಳಗೆ ರೋಮಿನ ಜೂಲಿಯಸ್ ಸೀಸರ್, ಅಗಸ್ಟಸ್ ಅಡಗಿ ಕೂತಿದ್ದಾರೆ ಅಂತಲೂ ಹೇಳಿದೆ. ಆದರೆ ಸಮ್ಮರ್, ವಿಂಟರ್ ಬಂದಾಗ ಸಿಕ್ಕಿಬಿದ್ದೆ. "ಬೇಸಿಗೆ ಅನ್ನೋದೂ ಹೆಸರೇ ಅಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇದಕ್ಕೆ ಇಂಗ್ಲಿಷ್‌ನವರು ತೊಟ್ಟಿಲು ಕಟ್ಟಿಲ್ಲ, ಸುಮ್ನೆ ನೆನಪಿಟ್ಕೊಳ್ಳಿ ಅಂದೆ.

ಹೆಸರಿನದು ಒಂದು ದಾರಿಗೆ ಬಂತು. ವಾಕ್ಯದ ಮೊದಲಕ್ಷರದ್ದು ಬೇರೆಯದೇ ಕತೆ. ಮೂರು ವಾರ "ವಾಕ್ಯದ ಶುರುವಲ್ಲಿ ಕ್ಯಾಪಿಟಲ್" ಅಂತ ಹೇಳಿ ಹೇಳಿ ಗಂಟಲು ನೋವು ಬಂತು. ಆಮೇಲೆ ಹೊಳೆಯಿತು, ಮಕ್ಕಳಿಗೆ ವಾಕ್ಯ ಎಲ್ಲಿ ಮುಗಿಯುತ್ತದೆ ಅಂತಲೇ ಗೊತ್ತಾಗುತ್ತಿಲ್ಲ. ಸಾಲು ಮುಗಿದಲ್ಲಿ ವಾಕ್ಯ ಮುಗಿಯಿತು ಅಂದುಕೊಂಡು ಪ್ರತಿ ಸಾಲಿನ ಮೊದಲಕ್ಷರ ದೊಡ್ಡದು ಮಾಡುತ್ತಿದ್ದರು. ಫುಲ್ ಸ್ಟಾಪ್ ಕಲಿಸದೆ ಕ್ಯಾಪಿಟಲ್ ಕಲಿಸೋಕೆ ಹೊರಟಿದ್ದೆ ನಾನು.

ಚಪ್ಪಲಿ ಡಬ್ಬದ ರಟ್ಟು ಕತ್ತರಿಸಿ ಕಾರ್ಡು ಮಾಡಿದೆ. ಒಂದು ಬದಿಗೆ ಪದ ಸಣ್ಣಕ್ಷರದಲ್ಲಿ, ತಿರುಗಿಸಿದರೆ ಅದೇ ಪದ ಕ್ಯಾಪಿಟಲ್‌ನಿಂದ ಶುರು. ರಾಜ ಅನ್ನೋ ನಾಯಿಯ ಕಾರ್ಡಿಗೆ ಮಾತ್ರ ಎರಡೂ ಬದಿ ದೊಡ್ಡ ಆರ್. ಫುಲ್ ಸ್ಟಾಪಿಗೆ ಕಪ್ಪು ಚುಕ್ಕಿಯ ಇನ್ನೊಂದು ಕಾರ್ಡು. ಐದು ಮಕ್ಕಳು ಮುಂದೆ ಬಂದು ಸಾಲಾಗಿ ನಿಂತರು: ಮೈ, ಡಾಗ್, ಈಸ್, ರಾಜ, ಕೊನೆಗೆ ಚುಕ್ಕಿ. ಮೈ ಹಿಡಿದ ಹುಡುಗಿ ದೊಡ್ಡ ಎಂ ತೋರಿಸಿದಳು. "ಈಗ ರಾಜ ಮುಂದೆ ಬಾ" ಅಂದೆ. ರಾಜ ಈಸ್ ಮೈ ಡಾಗ್. ಮೈ ನಡುವೆ ಬಂತು. ಅವಳು ಸುಮ್ಮನೆ ನಿಂತಿದ್ದಳು. ಕೂತವರೆಲ್ಲ ಒಟ್ಟಿಗೆ, "ತಿರುಗಿಸೇ! ತಿರುಗಿಸೇ!" ಅವಳು ಕಾರ್ಡು ತಿರುಗಿಸಿದಳು, ಚಿಕ್ಕ ಎಂ ಬಂತು. ಚುಕ್ಕಿಯನ್ನು ಕೂರಿಸಿ ಪ್ರಶ್ನಾರ್ಥಕ ಚಿಹ್ನೆ ಕರೆದೆ. ಈಸ್ ಮುಂದಕ್ಕೆ ಓಡಿತು. ಈಸ್ ರಾಜ ಮೈ ಡಾಗ್? ಈ ಸಲ ಯಾರೂ ಕೂಗಬೇಕಾಗಿರಲಿಲ್ಲ. ಈಸ್ ಹಿಡಿದವನು ಓಡುವಾಗಲೇ ತಿರುಗಿಸಿದ್ದ. ರಾಜ ಮಾತ್ರ ಎಲ್ಲಿ ನಿಂತರೂ ರಾಜನೇ. ಅವನಿಗೆ ತಿರುಗಿಸೋ ಕೆಲಸವೇ ಇಲ್ಲ ಅಂತ ಬೇಜಾರು.

ಐ ಕಾರ್ಡಿಗೂ ಎರಡೂ ಬದಿ ದೊಡ್ಡಕ್ಷರ ಹಾಕಿದ್ದೆ. ಅದನ್ನು ನೋಡಿ ಒಬ್ಬ ಅಂದ, "ನಾನು ಅನ್ನೋದು ಯಾವಾಗ್ಲೂ ದೊಡ್ಡದು, ನೀನು ಅನ್ನೋದು ಚಿಕ್ಕದು. ಇವರಿಗೆ ಜಂಬ ಜಾಸ್ತಿ ಅಲ್ವಾ ಟೀಚರ್?" ಬೋರ್ಡಿನ ನಡುವೆ ಒಂಟಿ ಚಿಕ್ಕ ಐ ಬರೆದು ಕೊನೇ ಬೆಂಚಿನವರನ್ನು ಕೇಳಿದೆ. ಸೀಮೆಸುಣ್ಣದ ಗೀಟು ಅಂದುಕೊಂಡಿದ್ದರು. ಹಿಂದೆ ಕೈಯಲ್ಲಿ ಬರೆಯುವವರಿಗೂ ಒಂಟಿ ಐ ಹೀಗೇ ಕಣ್ತಪ್ಪಿ ಹೋಗುತ್ತಿತ್ತು, ಅದಕ್ಕೆ ಉದ್ದ ಮಾಡಿದರು ಅಂದೆ. ಅವನಿಗೆ ಜಂಬದ ಕಾರಣವೇ ಹೆಚ್ಚು ಇಷ್ಟವಾದ ಹಾಗಿತ್ತು.

ತಿದ್ದುವ ಕ್ರಮವನ್ನೂ ಬದಲಿಸಿದೆ. ಮೊದಲು ಪುಟದ ತುಂಬ ಕೆಂಪು ಸುತ್ತು ಹಾಕುತ್ತಿದ್ದೆ. ಈಗ ಅಂಚಿನಲ್ಲಿ 4 ಅಂತ ಬರೆದು ಕೊಡುತ್ತೇನೆ. ನಾಲ್ಕು ಕಡೆ ತಪ್ಪಿದೆ, ನೀನೇ ಹುಡುಕು. ಕೆಲವರು ಐದು ಹುಡುಕಿಕೊಂಡು ಬಂದು ನನ್ನ ಲೆಕ್ಕವನ್ನೇ ತಿದ್ದುತ್ತಾರೆ.

ಒಂದು ವಿಷಯದಲ್ಲಿ ನನಗೆ ಈಗಲೂ ಕಸಿವಿಸಿ. ಒಬ್ಬ ಹುಡುಗ ರ‍್ಯಾಬಿಟ್ ಬರೆದರೆ ನಡುವೆ ಎರಡು ದೊಡ್ಡ ಬಿ ಹಾಕುತ್ತಿದ್ದ. ಎರಡು ತಿಂಗಳು ಬೈದೆ, ಗಮನ ಇಲ್ಲ ನಿನಗೆ ಅಂತ. ಒಂದು ದಿನ ಪಕ್ಕದಲ್ಲಿ ಕೂತು ಅವನು ಬರೆಯೋದನ್ನು ನೋಡಿದೆ. ಬಿ ಬಂದ ಕೂಡಲೇ ಪೆನ್ಸಿಲ್ ನಿಂತುಬಿಡುತ್ತಿತ್ತು. "ಚಿಕ್ಕ ಬಿಗೆ ಹೊಟ್ಟೆ ಯಾವ ಕಡೆ ಅಂತ ಮರೆತುಹೋಗುತ್ತೆ ಟೀಚರ್. ಡಿ ಆಗಿಬಿಡುತ್ತೆ. ದೊಡ್ಡದಾದ್ರೆ ಗೊಂದಲ ಇಲ್ಲ." ಅವನಿಗೆ ಕ್ಯಾಪಿಟಲ್ ನಿಯಮ ಚೆನ್ನಾಗೇ ಗೊತ್ತಿತ್ತು. ತೊಂದರೆ ಬಿ, ಡಿ ನಡುವಿನದು. ಎರಡು ಮುಷ್ಟಿ ಕಟ್ಟಿ, ಹೆಬ್ಬೆರಳು ಮೇಲೆತ್ತಿ, ಗೆಣ್ಣಿಗೆ ಗೆಣ್ಣು ತಾಗಿಸಿ ಮಂಚ ಮಾಡೋದು ಹೇಳಿಕೊಟ್ಟೆ. ಎಡಗೈ ಬಿ, ಬಲಗೈ ಡಿ, ನಡುವೆ ಮಲಗೋ ಜಾಗ, ಸೇರಿದರೆ ಬೆಡ್. ಈಗ ಡಿಕ್ಟೇಷನ್ ಕೊಡುವಾಗ ಡೆಸ್ಕಿನ ಕೆಳಗೆ ಅವನ ಮುಷ್ಟಿ ಕಾಣುತ್ತದೆ. ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊನ್ನೆ ಕನ್ನಡದ ಮೇಷ್ಟ್ರು ಸ್ಟಾಫ್ ರೂಮಿಗೆ ಒಂದು ನೋಟ್‌ಬುಕ್ ತಂದರು. "ಏನ್ ಮೇಡಂ ಇದು, ನಿಮ್ಮ ಕ್ಲಾಸಿನವಳು?" ನನ್ನ ಊರು ಅನ್ನೋ ಪ್ರಬಂಧ. ಒಂದೊಂದು ವಾಕ್ಯದ ಮೊದಲಕ್ಷರವೂ ಉಳಿದವಕ್ಕಿಂತ ಎರಡು ಪಟ್ಟು ಉಬ್ಬಿಕೊಂಡಿತ್ತು. ತುಂಗಾ ಅನ್ನೋ ಪದದ ತು ಗೆರೆ ದಾಟಿ ಮೇಲಿನ ಸಾಲಿಗೇ ಹೋಗಿತ್ತು. ಒಂದೇ ಒಂದು ಕಡೆಯೂ ತಪ್ಪಿರಲಿಲ್ಲ.