ಯೆಜ್ಡಿ ಬ್ಲಾಕಿಗೆ ಸ್ಲೀವ್ ಕೂರಿಸಿದ್ದು: ನನ್ನ ಅನುಭವ

ಟೂ ಸ್ಟ್ರೋಕ್ ಬ್ಲಾಕಿಗೆ (ಪಿಸ್ಟನ್ ಓಡಾಡುವ ಸಿಲಿಂಡರಿಗೆ) ಸ್ಲೀವ್, ಅಂದರೆ ಸವೆದ ಗೋಡೆಯ ಒಳಗೆ ಕೂರಿಸುವ ಹೊಸ ಕೊಳವೆ, ಹಾಕಿದರೆ ನಿಲ್ಲುವುದಿಲ್ಲ ಎಂದು ನನಗೆ ಹೇಳದ ಮೆಕ್ಯಾನಿಕ್ ಇಲ್ಲ. ಸ್ಲೀವ್ ಕೂರಿಸಿದ ಮೇಲೆ ನನ್ನ 1978ರ ಯೆಜ್ಡಿ ಬೈಕು ಏನಿಲ್ಲವೆಂದರೂ ಎಂಟು ಸಾವಿರ ಕಿಲೋಮೀಟರ್ ಓಡಿದೆ. ಹೋದ ಸಲ ಮಳೆ ನಿಂತ ಮೇಲೆ ಭಾವಮೈದುನನನ್ನು ಹಿಂದೆ ಕೂರಿಸಿಕೊಂಡು ಮೈಸೂರಿನಿಂದ ಮಡಿಕೇರಿಗೆ ಹೋಗಿಬಂದೆ. ಕುಶಾಲನಗರ ದಾಟಿದ ಮೇಲಿನ ಏರಿನಲ್ಲೂ ಎಂಜಿನ್ ಬಿಗಿಯಲಿಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಸಾಮಾನಿನ ಕಷ್ಟ ಈ ಗಾಡಿ ಇಟ್ಟುಕೊಂಡವರಿಗೆ ಗೊತ್ತೇ ಇದೆ. ಇದನ್ನು ಮಾಡುತ್ತಿದ್ದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತಿತು. 2018ರಲ್ಲಿ ಜಾವಾ ಮತ್ತೆ ಬಂತು, ಆಮೇಲೆ ಯೆಜ್ಡಿಯೂ ಬಂತು. ಆದರೆ ಅವು ಫೋರ್ ಸ್ಟ್ರೋಕ್, ಅವುಗಳ ಎಂಜಿನ್ ಸಾಮಾನು ನಮಗೆ ಆಗಿಬರುವುದಿಲ್ಲ. ನನ್ನ ಬ್ಲಾಕು ನನಗಿಂತ ಮೊದಲಿನವರ ಕೈಯಲ್ಲೇ ಬೋರಾಗಿ ಬೋರಾಗಿ (ಸವೆದಾಗಲೆಲ್ಲ ಒಳಗೋಡೆ ಕೊರೆದು ಅಗಲಿಸಿ) ಕೊನೆಯ ಓವರ್‌ಸೈಜಿಗೆ ಬಂದಿತ್ತು. ಆ ಸೈಜಿನ ಒರಿಜಿನಲ್ ಪಿಸ್ಟನ್ ಎಲ್ಲೂ ಇಲ್ಲ. ಎರಡು ಸಾವಿರ ಚಿಲ್ಲರೆ ಕೊಟ್ಟು ತಂದ ಡೂಪ್ಲಿಕೇಟ್ ಪಿಸ್ಟನ್ ಶ್ರೀರಂಗಪಟ್ಟಣದ ದಾರಿಯಲ್ಲಿ ಅರ್ಧ ಗಂಟೆ ಚೆನ್ನಾಗಿಯೇ ಓಡಿ, ಬಿಸಿಯಾಗಿ ಹಿಗ್ಗಿ, ಜಾಮ್ ಆಯಿತು. ಮುಂದಿನದರಲ್ಲಿ ರಿಂಗ್ ತಿರುಗದಂತೆ ಹಿಡಿಯುವ ಪುಟ್ಟ ಪಿನ್ನೇ ಸಡಿಲ. ಅದು ಕಳಚಿ, ರಿಂಗಿನ ತುದಿ ಪೋರ್ಟಿಗೆ (ಗೋಡೆಯಲ್ಲಿ ಗ್ಯಾಸ್ ಓಡಾಡುವ ಕಿಟಕಿಗೆ) ಸಿಕ್ಕಿ, ಗೋಡೆಯ ಮೇಲೆ ಉಗುರು ಆಡುವಷ್ಟು ಆಳದ ಗೀರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆ ಬ್ಲಾಕಿಗೆ ಏಳೆಂಟು ಸಾವಿರ ಕೇಳಿದರು. ಅದರ ಬೋರು ನನ್ನದಕ್ಕಿಂತ ಹಾಳಾಗಿತ್ತು.

ಆಗ ಲೆಕ್ಕ ತಿರುಗಿಸಿದೆ. ಕೊನೆಯ ಓವರ್‌ಸೈಜ್ ಪಿಸ್ಟನ್ ಹುಡುಕುವ ಬದಲು ಸ್ಲೀವ್ ಹಾಕಿ ಬ್ಲಾಕನ್ನೇ ಸ್ಟ್ಯಾಂಡರ್ಡ್ ಸೈಜಿಗೆ, ಅಂದರೆ ಕಾರ್ಖಾನೆಯ ಮೂಲ ಅಳತೆಗೆ, ತರುವುದು. ಸ್ಟ್ಯಾಂಡರ್ಡ್ ಪಿಸ್ಟನ್ ಕೇಳುವವರು ಕಡಿಮೆ, ಎಲ್ಲರ ಬ್ಲಾಕೂ ಅದನ್ನು ದಾಟಿಹೋಗಿರುತ್ತದೆ. ಹಾಸನದ ಹಳೆಯ ಅಂಗಡಿಯೊಂದರ ಅಟ್ಟದ ಮೇಲೆ ಎಣ್ಣೆ ಕಾಗದದಲ್ಲಿ ಸುತ್ತಿಟ್ಟ ಒರಿಜಿನಲ್ ಸಿಕ್ಕಿತು. ಮೂರೂವರೆ ಸಾವಿರ, ಚೌಕಾಸಿ ಮಾಡಲಿಲ್ಲ.

ನಮ್ಮ ಲೇತಿನ ಯಜಮಾನರು, "ಸಾರ್, ಬೇಡಿ. ಆವತ್ತು ಒಂದು ಗಾಡೀದು ಸ್ಲೀವ್ ಕೆಳಗೆ ಜಾರಿತ್ತು, ಪೋರ್ಟ್ ಅರ್ಧ ಮುಚ್ಚಿಹೋಗಿತ್ತು" ಅಂದರು. ಆ ಬ್ಲಾಕನ್ನು ತರಿಸಿ ನೋಡಿದೆ. ಬೇರೆ ಯಾವುದೋ ವರ್ಕ್‌ಶಾಪಿನ ಕೆಲಸ: ಮೇಲೆ ಕಾಲರ್ (ಕೆಳಗೆ ಜಾರದಂತೆ ತಡೆಯುವ ಅಗಲ ಅಂಚು) ಇಲ್ಲದ ನೇರ ಸ್ಲೀವು, ಅದೂ ಸುತ್ತಿಗೆಯಲ್ಲಿ ಬಡಿದು ಇಳಿಸಿದ್ದು. ಜಾರದೆ ಇನ್ನೇನಾಗುತ್ತದೆ? ಅದನ್ನು ತೋರಿಸಿದ ಮೇಲೆ ಯಜಮಾನರು ಒಪ್ಪಿದರು.

ಎರಕದ ಅರೆ ತಯಾರು ಸ್ಲೀವ್ ತಂದು, ಮೇಲೆ ಕಾಲರ್ ಬಿಟ್ಟು, ಬ್ಲಾಕಿನ ಬೋರಿಗಿಂತ ಎರಡು ಥೌ (ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ) ದಪ್ಪ ಇರುವಂತೆ ಕಡೆಸಿದೆವು. ಬಿಸಿ ಮಾಡಲು ಗ್ಯಾಸ್ ಟಾರ್ಚ್ ಬೇಡವೆಂದು ನಾನೇ ಹಟ ಹಿಡಿದೆ. ಅದು ಒಂದು ಕಡೆ ಕಾಯಿಸಿ ಬ್ಲಾಕನ್ನು ಸೊಟ್ಟ ಮಾಡುತ್ತದೆ. ನಮ್ಮ ಬೀದಿಯ ಬೇಕರಿಯವರನ್ನು ಕೇಳಿಕೊಂಡು, ರಾತ್ರಿ ಬನ್ನು ಇಳಿಸಿದ ಮೇಲೆ ಓವನ್ನಿಗೆ ಬ್ಲಾಕ್ ಇಟ್ಟೆ. ವಾಸನೆ ಬರಬಾರದೆಂದು ಮೊದಲೇ ಸೀಮೆಎಣ್ಣೆಯಲ್ಲಿ, ಆಮೇಲೆ ಸೋಪಿನಲ್ಲಿ ತೊಳೆದು ಒಣಗಿಸಿದ್ದೆ. ಸ್ಲೀವು ಅವರದೇ ಐಸ್‌ಕ್ರೀಮ್ ಫ್ರೀಜರಿನಲ್ಲಿತ್ತು. ಇನ್ನೂರು ಡಿಗ್ರಿ ದಾಟಿ ಸಾಕಷ್ಟು ಹೊತ್ತು ಕಾಯಿಸಿ, ಹೊರಗೆ ತೆಗೆದು, ಸ್ಲೀವ್ ಬಿಟ್ಟರೆ ಬಾವಿಗೆ ಕೊಡ ಬಿಟ್ಟಂತೆ ಇಳಿಯಿತು. ಎರಡು ಮೂರು ಸೆಕೆಂಡು ಅಷ್ಟೇ, ಆಮೇಲೆ ಹಿಡಿದುಕೊಳ್ಳುತ್ತದೆ, ಅಲ್ಲಾಡಿಸಲೂ ಆಗುವುದಿಲ್ಲ. ಕಾಲರ್ ಪೂರ್ತಿ ಕೂತಿದೆಯೇ ಎಂದು ಅಷ್ಟರೊಳಗೇ ನೋಡಬೇಕು.

ನಿಜವಾದ ಕೆಲಸ ಪೋರ್ಟಿನದು, ಹೊಸ ಸ್ಲೀವ್ ಅವನ್ನೆಲ್ಲ ಮುಚ್ಚಿರುತ್ತದೆ. ಎರಡು ಎಗ್ಸಾಸ್ಟ್ ಕಿಟಕಿಗಳನ್ನು ಹೊರಗಿನಿಂದ ನೋಡಿಕೊಂಡು ಕೊರೆಯಬಹುದು. ಕೆಳಗಿನಿಂದ ಪೆಟ್ರೋಲ್ ಗಾಳಿ ಮೇಲೆ ಬರುವ ಟ್ರಾನ್ಸ್‌ಫರ್ ಪೋರ್ಟಿಗೆ ಒಳಗಿನಿಂದಲೇ ಗುರುತು ಬೇಕು. ಆ ಗುರುತು ಹೇಗೆ ಹಾಕಿದೆವು ಎಂಬುದನ್ನು ಮಾತ್ರ ಬರೆಯುವುದಿಲ್ಲ. ಯಜಮಾನರಿಗೆ ಮಾತು ಕೊಟ್ಟಿದ್ದೇನೆ, ಅವರ ಹೊಟ್ಟೆಪಾಡು ಅದು. ಅಂಚುಗಳನ್ನೆಲ್ಲ ಸಣ್ಣ ಅರದಲ್ಲಿ ಉಜ್ಜಿ, ಬೆರಳಾಡಿಸಿದರೆ ಎಲ್ಲೂ ತಡೆಯದ ಹಾಗೆ ಮಾಡಿದೆ. ಒಂದು ಸಂಜೆ ಪೂರ್ತಿ ಹಿಡಿಯಿತು. ಆಮೇಲೆ ಪಿಸ್ಟನ್ ಅಳೆದು ಬೋರ್, ಹೋನಿಂಗ್ (ಗೋಡೆಯನ್ನು ಕಲ್ಲಿನಲ್ಲಿ ಉಜ್ಜುವುದು). ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಂದು ಎರಡು ಥೌ ಸಾಕೆಂದು ಲೇತಿನ ಹುಡುಗ ಹೇಳಿದ, ನಾನು ಮೂರು ಬಿಡಿಸಿದೆ. ಗಾಳಿಯಲ್ಲೇ ತಣಿಯುವ ಎಂಜಿನ್ನಿಗೆ ಬಿಗಿ ಫಿಟಿಂಗ್ ಬೇಡ. ಮೊದಲ ಐನೂರು ಕಿಲೋಮೀಟರ್ ಲೀಟರ್ ಪೆಟ್ರೋಲಿಗೆ 50 ಎಂ.ಎಲ್. ಎಣ್ಣೆ ಬೆರೆಸಿದೆ, ಈಗ 40.

ಕ್ರ್ಯಾಂಕ್ ಸೀಲ್ (ಎಂಜಿನ್ನಿನ ಕ್ರ್ಯಾಂಕ್ ಅಚ್ಚಿನ ಸುತ್ತ ಸೋರದಂತೆ ತಡೆಯುವ ರಬ್ಬರ್ ಬಳೆ) ಎರಡೂ ಕಡೆ ಹೊಸದು ಹಾಕಿಯೇ ಬ್ಲಾಕ್ ಏರಿಸಿದ್ದು. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಎಳೆದು ಬಿಳಿ ಹೊಗೆ ಉಗುಳುತ್ತದೆ, ಅದು ಕಣ್ಣಿಗಾದರೂ ಕಾಣುತ್ತದೆ. ಡೈನಮೋ ಕಡೆಯದು ಹೋದರೆ ಗಾಳಿ ಎಳೆದು ಸದ್ದಿಲ್ಲದೆ ಪಿಸ್ಟನ್ ತಿನ್ನುತ್ತದೆ. "ಸ್ಲೀವ್ ಕೆಟ್ಟಿತು" ಎಂದು ಬಂದ ಗಾಡಿಗಳಲ್ಲಿ ಎಷ್ಟಕ್ಕೆ ಇದೇ ಕಾಯಿಲೆಯೋ!

ಬ್ಲಾಕ್ ಲೇತಿನಲ್ಲಿದ್ದಾಗ ಕೈ ಸುಮ್ಮನಿರಲಿಲ್ಲ. ಸೈಲೆನ್ಸರಿನ ಒಳಗಿನ ಬ್ಯಾಫಲ್‌ಗಳನ್ನು ಕಾಸ್ಟಿಕ್ ಸೋಡಾದಲ್ಲಿ ರಾತ್ರಿಯಿಡೀ ನೆನೆಸಿದೆ, ಕಾರ್ಬನ್ ಕೆಸರಾಗಿ ಇಳಿಯಿತು. ಅಲ್ಯೂಮಿನಿಯಂ ಭಾಗ ಮಾತ್ರ ಅದರ ಹತ್ತಿರ ಸುಳಿಯಬಾರದು. ಎಥೆನಾಲ್ ಬೆರೆತ ಪೆಟ್ರೋಲಿಗೆ ಟ್ಯಾಪಿನ ಹಳೆ ವಾಷರ್ ಉಬ್ಬಿ ಸೋರುತ್ತಿತ್ತು. ವಿಟಾನ್ ರಿಂಗ್ ಹಾಕಿದೆ, ಹತ್ತಿಪ್ಪತ್ತು ರೂಪಾಯಿಯಲ್ಲಿ ಮುಗಿಯಿತು. ಡೈನಮೋ ಚಾರ್ಜನ್ನು ಹತೋಟಿಯಲ್ಲಿಡುವ ಆರು ವೋಲ್ಟಿನ ಹಳೆ ಕಟೌಟ್ ಡಬ್ಬಿಯೊಳಗೆ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಅಡಗಿಸಿದ್ದೇನೆ, ಹೊರಗಿನಿಂದ ಗುರುತು ಹಿಡಿದವರಿಲ್ಲ.

ನೆನಪಿನ ಲೆಕ್ಕ: ಸ್ಲೀವ್ ಒಂಬೈನೂರು, ಕಡೆದು ಕೂರಿಸಿ ಪೋರ್ಟ್ ಕೊರೆದದ್ದಕ್ಕೆ ಎರಡೂವರೆ ಸಾವಿರ, ಬೋರಿಂಗ್ ಎಂಟುನೂರು, ಸೀಲು ಗ್ಯಾಸ್ಕೆಟ್ಟಿಗೆ ಆರುನೂರು, ಬೇಕರಿ ಹುಡುಗರಿಗೆ ಐನೂರು. ಪಿಸ್ಟನ್ ಸೇರಿ ಒಂಬತ್ತು ಸಾವಿರದ ಒಳಗೆ.

ಈಗ ಹುಣಸೂರಿನ ಸ್ನೇಹಿತರೊಬ್ಬರ ಹಳೆ ಜಾವಾ ಬ್ಲಾಕ್ ಬಂದಿದೆ. ಸ್ಲೀವ್ ಕೂರಿಸಿಯಾಗಿದೆ. ಒಳಬೋರು ಮುಟ್ಟಿಲ್ಲ, ಪಿಸ್ಟನ್ ಇನ್ನೂ ಕೈಗೆ ಬಂದಿಲ್ಲ.